ಜೊತೆಯಲ್ಲಿ ಬೆಳೆಯುವ ಪುಸ್ತಕಗಳು



ನಮ್ಮ ಧರ್ಮಕೇಂದ್ರದಲ್ಲಿ ಒಂದು ಪುಟ್ಟ ಗ್ರಂಥಾಲಯವಿದೆ. ಗ್ರಂಥಾಲಯವೆಂದರೆ ಎರಡು ಕಪಾಟು, ಒಂದು ಮೇಜು, ಹೆಸರು ಬರೆದುಕೊಳ್ಳಲು ಒಂದು ದಪ್ಪ ಪುಸ್ತಕ, ಅಷ್ಟೇ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಂದು ಗಂಟೆಯ ಕಾಲ ಅದರ ಬಾಗಿಲು ತೆರೆದು ಕೂರುವ ಹೊಣೆ ನನ್ನದು. ಒಂದು ಭಾನುವಾರ ತಾಯಿಯೊಬ್ಬರು ತಮ್ಮ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದರು. "ಟೀಚರ್, ಇವಳಿಗೆ ಪುಸ್ತಕ ಒದಗಿಸಿ ನನಗೆ ಸಾಕಾಗಿದೆ. ಬೆಳಿಗ್ಗೆ ಕೊಟ್ಟದ್ದು ಸಂಜೆಗೆ ಮುಗಿದಿರುತ್ತದೆ. ಒಂದೇ ಕಥೆ ಏಳೆಂಟು ಪುಸ್ತಕಗಳ ತನಕ ನಡೆಯುವಂಥದ್ದು ಇರುತ್ತದಂತಲ್ಲ, ಅದರಲ್ಲಿ ಒಳ್ಳೆಯದು ಯಾವುದು ಹೇಳಿ. ಕೆಟ್ಟದ್ದು ಅವಳ ಕೈಗೆ ಸಿಗಬಾರದು, ನನಗೆ ಅಷ್ಟು ಸಾಕು" ಎಂದರು.

ನಾನು ಹೆಚ್ಚು ಯೋಚಿಸಲಿಲ್ಲ. ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ಬರೆದ 'ಪುಟ್ಟ ಮನೆ' ಪುಸ್ತಕಮಾಲೆ ನೆನಪಿಗೆ ಬಂತು. ಎಸ್. ಅನಂತನಾರಾಯಣ ಅವರು ಅದನ್ನು ಕನ್ನಡಕ್ಕೆ ತಂದಿರುವುದರಿಂದ ಕನ್ನಡ ಮಾಧ್ಯಮದ ಮಗುವಿಗೂ ತೊಡಕಿಲ್ಲ. "ಕಣ್ಣು ಮುಚ್ಚಿಕೊಂಡು ಕೊಡಿ ತಾಯಿ" ಎಂದುಬಿಟ್ಟೆ. ಆ ಸಲಹೆಯಲ್ಲಿ ಪುಸ್ತಕದ ಆಯ್ಕೆ ಸರಿಯಾಗಿಯೇ ಇತ್ತು. 'ಕಣ್ಣು ಮುಚ್ಚಿಕೊಂಡು' ಎಂಬ ಮಾತು ಮಾತ್ರ ತಪ್ಪಾಗಿತ್ತು. ಅದು ಹೇಗೆ ತಪ್ಪು ಎಂಬುದನ್ನು ನನಗೆ ತಿಳಿಸಿಕೊಟ್ಟವರು ಆ ಹುಡುಗಿಯ ಅಜ್ಜಿ. ಅವರ ಮಾತಿಗೆ ಮುಂದೆ ಬರುತ್ತೇನೆ.

ಮಕ್ಕಳಿಗೆ ಒಂದು ಬಿಡಿ ಪುಸ್ತಕ ಕೊಡುವುದು ಮನೆಗೆ ಒಬ್ಬ ಅತಿಥಿಯನ್ನು ಕರೆದಂತೆ. ಪುಸ್ತಕಮಾಲೆಯನ್ನು ಕೊಡುವುದಾದರೋ ಮನೆಯಲ್ಲಿ ಒಬ್ಬರನ್ನು ವರ್ಷಗಟ್ಟಲೆ ಇರಿಸಿಕೊಂಡಂತೆ. ಅವರ ಮಾತು, ನಡತೆ, ನಗು, ಸಿಟ್ಟು ಎಲ್ಲವೂ ಮಗುವಿಗೆ ಅಂಟಿಕೊಳ್ಳುತ್ತವೆ. ಎಂಟರಿಂದ ಹದಿನಾಲ್ಕರ ವರೆಗಿನ ವಯಸ್ಸಿನಲ್ಲಿ ಓದಿನ ಹಸಿವುಳ್ಳ ಹುಡುಗಿಯೊಬ್ಬಳು ಜ್ಞಾನೋಪದೇಶದ ತರಗತಿಯಲ್ಲಿ ಕಳೆಯುವುದಕ್ಕಿಂತ ಎಷ್ಟೋ ಹೆಚ್ಚು ಗಂಟೆಗಳನ್ನು ಕಥೆಯ ಗೆಳತಿಯೊಡನೆ ಕಳೆಯುತ್ತಾಳೆ. ಆದುದರಿಂದ ಈ ಗೆಳತಿ ಯಾರು, ಎಂಥವಳು ಎಂದು ವಿಚಾರಿಸುವುದು ತಾಯಿತಂದೆಯರ ಕರ್ತವ್ಯ.

ಬೆಳೆಯದ ನಾಯಕಿ, ಬೆಳೆಯುವ ನಾಯಕಿ

ಹುಡುಗಿಯರಿಗೆ ಪ್ರಿಯವಾದ ಪುಸ್ತಕಮಾಲೆಗಳಲ್ಲಿ ಎರಡು ಬಗೆಗಳನ್ನು ಕಾಣಬಹುದು. ಮೊದಲನೆಯ ಬಗೆಯಲ್ಲಿ ನಾಯಕಿಗೆ ವಯಸ್ಸಾಗುವುದಿಲ್ಲ. ಅಮೆರಿಕದ ನ್ಯಾನ್ಸಿ ಡ್ರೂ ಪತ್ತೇದಾರಿ ಕಥೆಗಳನ್ನೇ ನೋಡಿ. 1930ರಲ್ಲಿ ಆರಂಭವಾದ ಈ ಮಾಲೆಯಲ್ಲಿ 1979ರ ವೇಳೆಗೆ 56 ಸಂಪುಟಗಳು ಬಂದವು. ಆರಂಭದಲ್ಲಿ ಹದಿನಾರು ವರ್ಷದವಳಾಗಿದ್ದ ನ್ಯಾನ್ಸಿಯನ್ನು ಮುಂದೆ ಹದಿನೆಂಟರವಳೆಂದು ಬದಲಾಯಿಸಿದ್ದುಂಟು. ಅದಕ್ಕಿಂತ ಹೆಚ್ಚು ಅವಳು ಬೆಳೆಯಲಿಲ್ಲ. ಪುಸ್ತಕದ ಮೇಲಿರುವ ಕ್ಯಾರೊಲಿನ್ ಕೀನ್ ಎಂಬ ಹೆಸರಿನ ಲೇಖಕಿ ಯಾರೂ ಇರಲಿಲ್ಲ. ಕಥೆಯ ಹಂದರವನ್ನು ಸಿದ್ಧಪಡಿಸಿ, ಸಂಭಾವನೆ ಕೊಟ್ಟು ಬೇರೆ ಬೇರೆಯವರಿಂದ ಬರೆಸುತ್ತಿದ್ದ ಒಂದು ಸಂಸ್ಥೆಯ ಹೆಸರದು. ಎನಿಡ್ ಬ್ಲೈಟನ್ 1942ರಿಂದ 1963ರ ತನಕ ಬರೆದ 'ಫೇಮಸ್ ಫೈವ್' ಮಾಲೆಯ 21 ಪುಸ್ತಕಗಳದೂ ಹೆಚ್ಚುಕಡಿಮೆ ಇದೇ ಕಥೆ. ರಜೆಯ ಮೇಲೆ ರಜೆ ಬರುತ್ತದೆ, ಕಳ್ಳರ ಮೇಲೆ ಕಳ್ಳರು ಸಿಕ್ಕಿಬೀಳುತ್ತಾರೆ. ಮಕ್ಕಳು ಮಾತ್ರ ಇದ್ದಲ್ಲೇ ಇರುತ್ತಾರೆ.

ಇಂಥವುಗಳನ್ನು ನಾನು ಹಳಿಯುವುದಿಲ್ಲ. ಓದುವ ಅಭ್ಯಾಸ ಬೇರೂರುವುದು ಇಂಥ ಪುಸ್ತಕಗಳಿಂದಲೇ. ಎದೆಗುಂದದೆ ಕತ್ತಲೆಯ ಮನೆಯೊಳಗೆ ಕಾಲಿಡುವ ನ್ಯಾನ್ಸಿ ಎಷ್ಟೋ ಹುಡುಗಿಯರಿಗೆ ಧೈರ್ಯ ಕಲಿಸಿದ್ದಾಳೆ. ಆದರೆ ಅವಳಿಗೆ ಪಶ್ಚಾತ್ತಾಪವೆಂಬುದು ಗೊತ್ತಿಲ್ಲ, ಏಕೆಂದರೆ ಅವಳು ತಪ್ಪನ್ನೇ ಮಾಡುವುದಿಲ್ಲ. ತಪ್ಪು ಯಾವಾಗಲೂ ಕಳ್ಳನದು. ಇಪ್ಪತ್ತು ಪುಸ್ತಕಗಳ ಉದ್ದಕ್ಕೂ ಪಾಪವೆಲ್ಲ ಹೊರಗಿನವರದೇ ಎಂದು ಓದಿದ ಮಗು ತನ್ನ ಆತ್ಮಸಾಕ್ಷಿಯನ್ನು ಪರೀಕ್ಷಿಸಿಕೊಳ್ಳಲು ಎಲ್ಲಿ ಕಲಿತೀತು? ಇವು ಪುರಿ ಇದ್ದಂತೆ. ಸಂಜೆಗೆ ರುಚಿ, ಊಟಕ್ಕೆ ಸಾಲದು.

ಎರಡನೆಯ ಬಗೆಯಲ್ಲಿ ನಾಯಕಿ ಓದುಗಳ ಜೊತೆಜೊತೆಗೇ ಬೆಳೆಯುತ್ತಾಳೆ. 'ಪುಟ್ಟ ಮನೆ' ಮಾಲೆ ಈ ಬಗೆಗೆ ಬಹಳ ಒಳ್ಳೆಯ ನಿದರ್ಶನ.

ಒಂದು ಕಪಾಳಮೋಕ್ಷದ ಕಥೆ

ಲಾರಾ ಇಂಗಲ್ಸ್ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್‌ನ ಕಾಡಿನಂಚಿನಲ್ಲಿ. ತಂದೆ ಹೊಸ ಭೂಮಿ ಅರಸುತ್ತ ಮುಚ್ಚುಬಂಡಿಯಲ್ಲಿ ಸಂಸಾರ ಹೇರಿಕೊಂಡು ಊರಿಂದೂರಿಗೆ ಹೊರಟ ರೈತ. ಆ ಬಾಲ್ಯವನ್ನು ಆಕೆ ಪುಸ್ತಕವಾಗಿಸಿದ್ದು ಬಹಳ ತಡವಾಗಿ. ಮೊದಲನೆಯ ಪುಸ್ತಕ 'ದೊಡ್ಡ ಕಾಡಿನಲ್ಲಿ ಪುಟ್ಟ ಮನೆ' 1932ರಲ್ಲಿ ಅಚ್ಚಾದಾಗ ಆಕೆಗೆ 65 ವರ್ಷ. 1943ರ ಹೊತ್ತಿಗೆ ಎಂಟು ಪುಸ್ತಕಗಳಾದವು. ಒಂಬತ್ತನೆಯದು ಆಕೆ ತೀರಿಕೊಂಡ ಬಳಿಕ, 1971ರಲ್ಲಿ ಬಂತು. ಈ ಬರವಣಿಗೆಯನ್ನು ತಿದ್ದಿ ರೂಪಿಸುವುದರಲ್ಲಿ ಸ್ವತಃ ಲೇಖಕಿಯಾಗಿದ್ದ ಮಗಳು ರೋಸ್ ವೈಲ್ಡರ್ ಲೇನ್ ಅವರ ಪಾಲು ದೊಡ್ಡದು. ತಾಯಿಮಗಳ ಜಂಟಿ ದುಡಿಮೆಯಿಂದ ಹುಟ್ಟಿದ ಪುಸ್ತಕಗಳಿವು ಎಂಬುದೇ ನಮ್ಮ ವಿಷಯಕ್ಕೆ ಒಂದು ಶುಭಶಕುನದಂತಿದೆ.

ಮೊದಲ ಪುಸ್ತಕದಲ್ಲಿ ಲಾರಾ ಇನ್ನೂ ಪುಟ್ಟ ಮಗು. ವಾಕ್ಯಗಳೂ ಪುಟ್ಟವು. ಬೆಣ್ಣೆ ಕಡೆಯುವುದು, ಮಾಂಸವನ್ನು ಹೊಗೆಯಲ್ಲಿಟ್ಟು ಕಾಪಾಡುವುದು, ಮರದ ರಸದಿಂದ ಸಕ್ಕರೆ ಕಾಯಿಸುವುದು, ರಾತ್ರಿ ತಂದೆ ಪಿಟೀಲು ನುಡಿಸುವುದು, ಇವುಗಳೇ ಘಟನೆಗಳು. ಪುಸ್ತಕದಿಂದ ಪುಸ್ತಕಕ್ಕೆ ಲಾರಾ ದೊಡ್ಡವಳಾದಂತೆ ವಾಕ್ಯಗಳು ಉದ್ದವಾಗುತ್ತವೆ, ವಿಚಾರಗಳು ಭಾರವಾಗುತ್ತವೆ. ಕೊನೆಗೆ ಅವಳು ಶಾಲೆಯಲ್ಲಿ ಪಾಠ ಹೇಳಿ, ದುಡಿದು, ಹದಿನೆಂಟರಲ್ಲಿ ಮದುವೆಯಾಗುತ್ತಾಳೆ. ಎಂಟು ವರ್ಷಕ್ಕೆ ಮೊದಲ ಪುಸ್ತಕ ಹಿಡಿದ ಹುಡುಗಿ ನಿಧಾನವಾಗಿ ಓದಿದರೆ ಹದಿಮೂರು ಹದಿನಾಲ್ಕಕ್ಕೆ ಕೊನೆಯದನ್ನು ಮುಟ್ಟುತ್ತಾಳೆ.

ಇಡೀ ಮಾಲೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿಯೊಂದನ್ನು ಹೇಳುತ್ತೇನೆ. ಮೊದಲ ಪುಸ್ತಕದಲ್ಲಿ ಅಕ್ಕ ಮೇರಿ ಬಂಗಾರದ ಕೂದಲಿನ ಹುಡುಗಿ. ಲಾರಾಳದು ಕಂದು ಕೂದಲು. ಮೇರಿ ಶಾಂತೆ, ವಿಧೇಯೆ, ಬಟ್ಟೆಗೆ ಕೊಳೆಯಾಗದಂತೆ ಕೂರುವವಳು. ಬಂಗಾರದ ಕೂದಲೇ ಚೆಂದವೆಂದು ಅವಳು ಹೇಳಿದಾಗ ಲಾರಾ ಮಾತು ತೋಚದೆ ಅಕ್ಕನ ಕೆನ್ನೆಗೆ ಹೊಡೆದುಬಿಡುತ್ತಾಳೆ. ತಂದೆ ಅವಳನ್ನು ದಂಡಿಸುತ್ತಾರೆ. ಆಮೇಲೆ ತೊಡೆಯ ಮೇಲೆ ಕೂರಿಸಿಕೊಂಡು ತಮ್ಮ ಕೂದಲೂ ಕಂದು ಬಣ್ಣದ್ದೇ ಎಂಬುದನ್ನು ನೆನಪಿಸುತ್ತಾರೆ. ಶಿಕ್ಷೆಯೂ ಸಂತೈಕೆಯೂ ಒಂದೇ ಕೈಯಿಂದ ಬರುವ ಈ ಪ್ರಸಂಗ ಚೆನ್ನಾಗಿಯೇ ಇದೆ. ಆದರೆ ಇದು ಇಲ್ಲಿಗೇ ಮುಗಿದಿದ್ದರೆ ಯಾವ ನೀತಿಕಥೆಯಲ್ಲಾದರೂ ಸಿಗುವಂಥದ್ದು.

ಐದಾರು ಪುಸ್ತಕಗಳು ಕಳೆಯುತ್ತವೆ. ಮಿಡತೆಯ ಹಿಂಡು ಬೆಳೆದ ಗೋಧಿಯನ್ನೆಲ್ಲ ತಿಂದುಹಾಕುತ್ತದೆ. ಜ್ವರದಲ್ಲಿ ಮೇರಿಯ ಕಣ್ಣು ಹೋಗುತ್ತದೆ. ತಂದೆ ಲಾರಾಳನ್ನು ಕರೆದು, ಇನ್ನು ಮೇಲೆ ನೀನೇ ಅಕ್ಕನ ಕಣ್ಣಾಗಬೇಕು ಎನ್ನುತ್ತಾರೆ. ಅಂದಿನಿಂದ ಲಾರಾ ತಾನು ಕಂಡದ್ದನ್ನೆಲ್ಲ ಮಾತಿನಲ್ಲಿ ಚಿತ್ರಿಸಿ ಅಕ್ಕನಿಗೆ ಹೇಳುತ್ತಾಳೆ. ಅವಳು ಮುಂದೆ ಲೇಖಕಿಯಾದದ್ದು ಈ ಸೇವೆಯಿಂದಲೇ ಎಂದು ನಾವು ಊಹಿಸಬಹುದು. 1941ರಲ್ಲಿ ಬಂದ 'ಹುಲ್ಲುಗಾವಲಿನ ಪುಟ್ಟ ಪಟ್ಟಣ'ದಲ್ಲಿ ಮೇರಿ ಅಂಧರ ಕಾಲೇಜಿಗೆ ಹೊರಡುವ ಮುಂಚೆ ಅಕ್ಕತಂಗಿಯರು ಸಂಜೆ ನಡೆಯಲು ಹೋಗುತ್ತಾರೆ. ನೀನು ಸದಾ ಒಳ್ಳೆಯವಳಾಗಿರುವುದನ್ನು ನೋಡಿ ನಿನಗೆ ಹೊಡೆಯಬೇಕೆನಿಸುತ್ತಿತ್ತು ಎಂದು ಲಾರಾ ಬಾಯಿಬಿಟ್ಟು ಹೇಳುತ್ತಾಳೆ. ಮೇರಿ ಕೊಡುವ ಉತ್ತರ ಅನಿರೀಕ್ಷಿತ. ಆಗ ತನಗೆ ಒಳ್ಳೆಯವಳಾಗುವ ಆಸೆಯಿರಲಿಲ್ಲ, ತಾನು ಎಷ್ಟು ಒಳ್ಳೆಯವಳೆಂದು ತನಗೇ ತೋರಿಸಿಕೊಳ್ಳುವ ಜಂಬವಿತ್ತು, ಪೆಟ್ಟು ತಿನ್ನಲು ತಾನು ಯೋಗ್ಯಳೇ ಆಗಿದ್ದೆ ಎನ್ನುತ್ತಾಳೆ.

ಓದುಗರೇ, ದೇವಾಲಯದಲ್ಲಿ ಪ್ರಾರ್ಥಿಸಿದ ಫರಿಸಾಯನ ಮತ್ತು ಸುಂಕವಸೂಲಿಗಾರನ ಸಾಮತಿಯನ್ನು ನಾವೆಲ್ಲ ಎಷ್ಟು ಬಾರಿ ಕೇಳಿದ್ದೇವೆ! ಅದರ ತಿರುಳನ್ನು ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಹತ್ತಿರದಿಂದ ಮುಟ್ಟಿಸುವ ಪುಟ ಮಕ್ಕಳ ಸಾಹಿತ್ಯದಲ್ಲಿ ಅಪರೂಪ. ಒಂದೇ ಪುಸ್ತಕದಲ್ಲಿ ಇದು ಸಾಧ್ಯವಿರಲಿಲ್ಲ. ಆ ಪೆಟ್ಟಿಗೂ ಈ ಮಾತಿಗೂ ನಡುವೆ ವರ್ಷಗಳು ಸರಿಯಬೇಕಿತ್ತು, ಮೇರಿ ಕತ್ತಲೆಯನ್ನು ಕಾಣಬೇಕಿತ್ತು, ಓದುವ ಹುಡುಗಿಯೂ ಅಷ್ಟೇ ಬೆಳೆಯಬೇಕಿತ್ತು. ಪುಸ್ತಕಮಾಲೆಯೆಂಬ ಪ್ರಕಾರಕ್ಕೆ ಮಾತ್ರ ಒದಗುವ ಶಕ್ತಿ ಇದು.

'ದೀರ್ಘ ಚಳಿಗಾಲ'ವನ್ನೂ ಇಲ್ಲಿ ಹೆಸರಿಸಲೇಬೇಕು. 1880-81ರ ಹಿಮಗಾಳಿಗೆ ಸಿಲುಕಿ ಡಕೋಟದ ಡಿ ಸ್ಮೆಟ್ ಎಂಬ ಪಟ್ಟಣಕ್ಕೆ ತಿಂಗಳುಗಟ್ಟಲೆ ರೈಲು ಬರಲಿಲ್ಲ. (ಬೆಲ್ಜಿಯಂನಿಂದ ಬಂದ ಯೇಸುಸಭೆಯ ಪಾದ್ರಿ ಡಿ ಸ್ಮೆಟ್ ಅವರ ಹೆಸರನ್ನೇ ಆ ಊರಿಗೆ ಇಟ್ಟಿದ್ದಾರೆ.) ಉರುವಲಿಲ್ಲದೆ ಹುಲ್ಲನ್ನು ಹೊಸೆದು ಸೌದೆಯಂತೆ ಉರಿಸುತ್ತಾರೆ. ಹಿಟ್ಟಿಲ್ಲದೆ ಕಾಫಿಬೀಜ ಪುಡಿಮಾಡುವ ಪುಟ್ಟ ಯಂತ್ರದಲ್ಲಿ ಗೋಧಿ ಬೀಸಿ ದಿನದ ರೊಟ್ಟಿ ಸುಡುತ್ತಾರೆ. ಕ್ರಿಸ್ತಜಯಂತಿಗೆಂದು ಕಳುಹಿಸಿದ ಉಡುಗೊರೆಯ ಪೀಪಾಯಿ ಮೇ ತಿಂಗಳಲ್ಲಿ ಕೈಸೇರುತ್ತದೆ. ಮನೆಯವರೆಲ್ಲ ಆಗಲೇ ಕುಳಿತು ಹಬ್ಬದೂಟ ಮಾಡುತ್ತಾರೆ. ಅನುದಿನದ ಆಹಾರಕ್ಕಾಗಿ ಪ್ರಾರ್ಥಿಸುವುದು ಎಂದರೇನೆಂದು ತುಂಬಿದ ಅಡುಗೆಮನೆಯ ನಮ್ಮ ಮಕ್ಕಳಿಗೆ ತಿಳಿಸಲು ಈ ಪುಸ್ತಕವೊಂದು ಸಾಕು. ಹಾಗೆಂದು ಲೇಖಕಿ ಎಲ್ಲೂ ಉಪದೇಶಕ್ಕೆ ನಿಲ್ಲುವುದಿಲ್ಲ. ಸೊಕ್ಕಿನ ನೆಲ್ಲಿ ಓಲ್ಸನ್‌ಳನ್ನು ಲಾರಾ ಜಿಗಣೆಯಿರುವ ಕೆಸರಿಗೆ ಇಳಿಸಿದಾಗ ಪಶ್ಚಾತ್ತಾಪದ ಒಂದು ಮಾತೂ ಇಲ್ಲ. ನಿಜವಾದ ಮಕ್ಕಳು ಇರುವುದು ಹಾಗೆಯೇ.

ಅಜ್ಜಿಯ ಪ್ರಶ್ನೆ

ಇನ್ನು ಅಜ್ಜಿಯ ಮಾತಿಗೆ ಬರೋಣ. ಆ ಹುಡುಗಿ ರಾತ್ರಿ ಊಟವಾದ ಮೇಲೆ ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಕಣ್ಣು ಮಂಜಾದ ಅಜ್ಜಿ ಕೇಳುವುದು ಆ ಮನೆಯ ರೂಢಿಯಾಯಿತು. 1935ರ 'ಹುಲ್ಲುಗಾವಲಿನಲ್ಲಿ ಪುಟ್ಟ ಮನೆ' ಕೊನೆಯ ಅಧ್ಯಾಯಗಳಿಗೆ ಬಂತು. ಕಾನ್ಸಾಸ್ ಸೀಮೆಯಲ್ಲಿ ಲಾರಾಳ ತಂದೆ ಮನೆ ಕಟ್ಟಿದ್ದಾರೆ. ಮೊದಲಿನಿಂದ ಅಲ್ಲಿದ್ದ ಓಸೇಜ್ ಜನ ಕುದುರೆಗಳ ಮೇಲೆ ಹೆಂಗಸರು ಮಕ್ಕಳೊಂದಿಗೆ ಸಾಲುಗಟ್ಟಿ ಆ ಮನೆಯ ಮುಂದೆಯೇ ಹಾದು ದೂರ ಹೊರಟುಹೋಗುತ್ತಾರೆ. ಸಾಲು ಮುಗಿಯುವುದೇ ಇಲ್ಲ. ಹುಡುಗಿ ಓದಿ ನಿಲ್ಲಿಸಿದಾಗ ಅಜ್ಜಿ ಕೇಳಿದರಂತೆ: "ಅವರಿಗೆ ಬದಲಿ ಜಮೀನು ಕೊಟ್ಟರೇನೇ ಮಗಾ?"

ಆ ಅಜ್ಜಿ ಹುಡುಗಿಯಾಗಿದ್ದಾಗ ಜಲಾಶಯದ ನೀರು ಬಂತೆಂದು ಊರು ಬಿಟ್ಟವರು. ಮನೆ, ಕಣ, ಗದ್ದೆ, ಊರಿನ ಸಮಾಧಿಭೂಮಿ ಎಲ್ಲವೂ ನೀರಿನಡಿ ಹೋದುದನ್ನು ಕಂಡವರು. ಪುಸ್ತಕದಲ್ಲಿ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ಮುಂದಿನ ಭಾನುವಾರ ತಾಯಿ ಅದನ್ನು ನನ್ನ ಮೇಜಿಗೆ ತಂದರು. ನನ್ನಲ್ಲಿಯೂ ಉತ್ತರವಿರಲಿಲ್ಲ. ಈ ಪುಸ್ತಕವನ್ನು ನಾನು ಮೂರು ಬಾರಿ ಓದಿದ್ದೆ. ಬಂಡಿಯೊಳಗೆ ಕುಳಿತೇ ಓದಿದ್ದೆ. ಆ ಕುದುರೆಗಳ ಮೇಲಿದ್ದವರ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ.

ಹುಡುಕಿದಾಗ ತಿಳಿದದ್ದು ಇಷ್ಟು. ಲಾರಾಳ ತಂದೆ ಮನೆ ಕಟ್ಟಿದ ನೆಲ ಆಗ ಒಪ್ಪಂದದ ಪ್ರಕಾರ ಓಸೇಜ್ ಜನರಿಗೇ ಸೇರಿದ್ದು. ವಲಸೆಗಾರರು ಅದನ್ನು ಆಕ್ರಮಿಸಿ ನೆಲಸತೊಡಗಿದ್ದರು. 1870ರಲ್ಲಿ ಅಮೆರಿಕದ ಸಂಸತ್ತು ಆ ಭೂಮಿಯನ್ನು ಎಕರೆಗೆ ಒಂದೂಕಾಲು ಡಾಲರಿನಂತೆ ಮಾರಿ ಅವರನ್ನು ದಕ್ಷಿಣಕ್ಕೆ ಸಾಗಿಸುವ ಕಾನೂನು ಮಾಡಿತು. ಇಂದಿನ ಓಕ್ಲಹೋಮದಲ್ಲಿ ಅವರು ಚೆರೋಕಿ ಜನರಿಂದ ಬೇರೆ ಜಮೀನನ್ನು ಪಡೆದರು. ಅದಕ್ಕೆ ಸಂದ ಹಣ ಅವರ ಹಳೆಯ ನೆಲ ಮಾರಿದ ಹಣವೇ. ಅಜ್ಜಿಯ ಪ್ರಶ್ನೆಗೆ ಉತ್ತರ ಹೀಗೆ: ಬದಲಿ ಜಮೀನು ಸಿಕ್ಕಿತು, ಕೊಟ್ಟವರಿಲ್ಲ, ಅವರೇ ಕೊಂಡುಕೊಂಡರು. ನಮಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅದೇ ಕಾನ್ಸಾಸ್‌ನಲ್ಲಿ ಯೇಸುಸಭೆಯ ಗುರುಗಳೂ ಲೊರೆಟೊ ಕನ್ಯಾಸ್ತ್ರೀಯರೂ 1847ರಲ್ಲಿಯೇ ಓಸೇಜ್ ಮಕ್ಕಳಿಗಾಗಿ ಶಾಲೆಗಳನ್ನು ತೆರೆದಿದ್ದರು. ಹಾಗಾಗಿ ಆ ಸಾಲಿನಲ್ಲಿ ಹೊರಟವರ ಪೈಕಿ ನಮ್ಮಂತೆಯೇ ಸ್ನಾನದೀಕ್ಷೆ ಪಡೆದವರೂ ಇದ್ದಿರಬಹುದು. ಪುಸ್ತಕದಲ್ಲಿ ಅವರು ಬರೀ ಭಯಹುಟ್ಟಿಸುವ ಅಪರಿಚಿತರು.

ಈ ದೋಷವನ್ನು ಬೇರೆಯವರೂ ಕಂಡಿದ್ದಾರೆ. ಮೊದಲ ಮುದ್ರಣದಲ್ಲಿ, ಆ ಸೀಮೆಯಲ್ಲಿ ಮನುಷ್ಯರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ವಾಕ್ಯವಿತ್ತು. 1952ರಲ್ಲಿ ಓದುಗರೊಬ್ಬರು ಪತ್ರ ಬರೆದು ಆಕ್ಷೇಪಿಸಿದರು. ಲೇಖಕಿ ತಪ್ಪೊಪ್ಪಿಕೊಂಡು 'ಮನುಷ್ಯರು' ಎಂಬಲ್ಲಿ 'ವಲಸಿಗರು' ಎಂದು ತಿದ್ದಲು ಸಮ್ಮತಿಸಿದರು. 1954ರಿಂದ ಆಕೆಯ ಹೆಸರಿನಲ್ಲಿ ನೀಡಲಾಗುತ್ತಿದ್ದ ಮಕ್ಕಳ ಸಾಹಿತ್ಯ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಅಮೆರಿಕದ ಗ್ರಂಥಪಾಲಕರ ಸಂಘ ಬದಲಾಯಿಸಿತು. 'ಪುಟ್ಟ ಪಟ್ಟಣ'ದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ಆಟವೊಂದು ಬರುತ್ತದೆ. ಅದೂ ಓದುವಾಗ ಗಂಟಲಲ್ಲಿ ನಿಲ್ಲುವಂಥದ್ದೇ. ನ್ಯಾಯವಾಗಿ ಇದನ್ನೂ ಹೇಳಬೇಕು: ಇಡೀ ಕುಟುಂಬ ಚಳಿಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದಾಗ ಬಂದು ಬದುಕಿಸಿದವರು ಒಬ್ಬ ಕರಿಯ ವೈದ್ಯರು ಎಂಬುದನ್ನು ಲೇಖಕಿ ಗೌರವದಿಂದ ದಾಖಲಿಸಿದ್ದಾರೆ.

ಹಾಗಾದರೆ ಪುಸ್ತಕವನ್ನು ಕಪಾಟಿನಿಂದ ತೆಗೆದಿಡಬೇಕೇ? ನಾನು ತೆಗೆದಿಡಲಿಲ್ಲ. ಕಾರಣ ಆ ಪುಸ್ತಕದಲ್ಲಿಯೇ ಇದೆ. ಒಂದು ರಾತ್ರಿ ಪುಟ್ಟ ಲಾರಾ ತಂದೆಯನ್ನು ಕೇಳುತ್ತಾಳೆ: ಇದು ಅವರ ನಾಡಲ್ಲವೇ, ಹೊರಡಿಸಿದರೆ ಅವರಿಗೆ ಸಿಟ್ಟು ಬರುವುದಿಲ್ಲವೇ? ಅವಳ ಮಾತು ಮುಗಿಯುವ ಮುನ್ನವೇ ತಂದೆ, ಪ್ರಶ್ನೆ ಸಾಕು, ಮಲಗು ಎಂದುಬಿಡುತ್ತಾರೆ. ಅಷ್ಟು ಒಳ್ಳೆಯ ತಂದೆ, ಬಂಡಿ ನಡೆಸಿ, ಪಿಟೀಲು ನುಡಿಸಿ, ಮಕ್ಕಳಿಗಾಗಿ ಹಿಮದಲ್ಲಿ ನಡೆದ ತಂದೆ, ಈ ಒಂದು ಪ್ರಶ್ನೆಗೆ ಮುಖ ತಿರುಗಿಸಿಕೊಳ್ಳುತ್ತಾರೆ. ಅರವತ್ತು ವರ್ಷಗಳ ನಂತರ ಬರೆಯಲು ಕುಳಿತ ಲೇಖಕಿ ಆ ಪ್ರಶ್ನೆಯನ್ನು ಅಳಿಸಲಿಲ್ಲ, ಅದಕ್ಕೆ ಉತ್ತರವನ್ನೂ ಕೊಡಲಿಲ್ಲ. ಪ್ರಶ್ನೆ ಹಾಗೆಯೇ ಉಳಿದಿದೆ. ಪಕ್ಕದಲ್ಲಿ ಕುಳಿತು ಓದುವ ಹಿರಿಯರು ಇದ್ದರೆ ಅವರು ಅಲ್ಲಿ ಪುಸ್ತಕ ಮಡಿಸಿಟ್ಟು, ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯವನ್ನು ತೆರೆಯಬಹುದು. ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಮಾರಲೊಲ್ಲದ ನಾಬೋತ, ಅದಕ್ಕಾಗಿ ಆಸೆಪಟ್ಟ ಅರಸ ಅಹಾಬ, ದಾರಿಗಡ್ಡ ಬಂದು ನಿಂತ ಪ್ರವಾದಿ ಎಲೀಯ. ಆ ಕಥೆ ಕೇಳಿದ ಹುಡುಗಿಗೆ ಕಾನ್ಸಾಸ್ ಅರ್ಥವಾಗುತ್ತದೆ, ಅಜ್ಜಿಯ ಊರೂ ಅರ್ಥವಾಗುತ್ತದೆ.

ಇಂಗ್ಲಿಷ್ ಓದಬಲ್ಲ ಹುಡುಗಿಯರಿಗೆ ಇನ್ನೊಂದು ದಾರಿಯೂ ಇದೆ. ಓಜಿಬ್ವೆ ಮೂಲದ ಲೇಖಕಿ ಲೂಯಿಸ್ ಎರ್ಡ್ರಿಕ್ 1999ರಲ್ಲಿ 'ದಿ ಬರ್ಚ್‌ಬಾರ್ಕ್ ಹೌಸ್' ಎಂಬ ಪುಸ್ತಕದಿಂದ ಮಾಲೆಯೊಂದನ್ನು ಆರಂಭಿಸಿದರು. ಅದು ಮುಂದೆ ಐದು ಪುಸ್ತಕಗಳಿಗೆ ಬೆಳೆಯಿತು. 1847ರಲ್ಲಿ, ಸುಪೀರಿಯರ್ ಸರೋವರದ ದ್ವೀಪವೊಂದರಲ್ಲಿ ಒಮಕಯಾಸ್ ಎಂಬ ಹುಡುಗಿ ಅಜ್ಜಿಯ ಜೊತೆ ಮರದ ತೊಗಟೆಯ ಮನೆ ಕಟ್ಟುವುದರಿಂದ ಕಥೆ ಮೊದಲಾಗುತ್ತದೆ. ಇಲ್ಲಿಯೂ ಸಕ್ಕರೆ ಕಾಯಿಸುತ್ತಾರೆ, ಚರ್ಮ ಹದಮಾಡುತ್ತಾರೆ, ತಮ್ಮಂದಿರೊಡನೆ ಜಗಳವಾಡುತ್ತಾರೆ. ಸಿಡುಬು ಬಂದು ಮನೆಯ ಮಗುವನ್ನು ಒಯ್ಯುತ್ತದೆ. ಎರಡೂ ಮಾಲೆಗಳನ್ನು ಓದಿದ ಹುಡುಗಿ ಬಂಡಿಯೊಳಗಿನ ಮಗುವನ್ನೂ ಬಂಡಿಯ ದಾರಿಗೆ ಸಿಕ್ಕಿದ ಮಗುವನ್ನೂ ಬಲ್ಲವಳಾಗುತ್ತಾಳೆ. ನೆರೆಯವನು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ಇನ್ನು ಕೆಲವು

ಉಳಿದ ಮಾಲೆಗಳನ್ನು ಬೇಗನೆ ನೋಡಿಬಿಡೋಣ. ಕೆನಡಾದ ಲೂಸಿ ಮಾಡ್ ಮಾಂಟ್ಗೊಮರಿ 1908ರಲ್ಲಿ ಆರಂಭಿಸಿದ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ಮಾಲೆಯ ಮೊದಲ ಪುಸ್ತಕ ಅಪ್ಪಟ ಚಿನ್ನ. ಗಂಡುಹುಡುಗ ಬೇಕೆಂದವರ ಮನೆಗೆ ತಪ್ಪಿ ಬಂದ ಅನಾಥೆಯೊಬ್ಬಳು ಆ ಮನೆಯ ಬೆಳಕಾಗುತ್ತಾಳೆ. ಕೊನೆಯಲ್ಲಿ ಸಾಕಿದ ತಾಯಿಯ ಕಣ್ಣು ಮಂಜಾದಾಗ ತನಗೆ ದೊರೆತ ವಿದ್ಯಾರ್ಥಿವೇತನವನ್ನೇ ಬಿಟ್ಟುಕೊಡುತ್ತಾಳೆ. ಹೆಣ್ಣುಮಗು ಬೇಡವೆನ್ನುವ ಮನೆಗಳು ಇನ್ನೂ ಇರುವ ನಮ್ಮ ನಾಡಿನಲ್ಲಿ ಇದನ್ನು ಹಿರಿಯರೂ ಓದಬೇಕು. ನಡುವಿನ ಪುಸ್ತಕಗಳು ತೆಳುವಾಗುತ್ತವೆ. ಮೊದಲ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮನೆಯ ಕಥೆಯಾದ 'ರಿಲ್ಲಾ ಆಫ್ ಇಂಗಲ್‌ಸೈಡ್' (1921) ಮತ್ತೆ ಎತ್ತರಕ್ಕೇರುತ್ತದೆ. ಎಂಟನ್ನೂ ಓದಲೇಬೇಕೆಂಬ ಹಟ ಬೇಡ.

ಎನಿಡ್ ಬ್ಲೈಟನ್ ಅವರ 'ಮ್ಯಾಲರಿ ಟವರ್ಸ್' ಮಾಲೆ (1946-51) ಆರೇ ಪುಸ್ತಕಗಳದ್ದು. ಮುಂಗೋಪಿಯಾದ ಡ್ಯಾರೆಲ್ ತನ್ನ ಸಿಟ್ಟಿನೊಡನೆ ವರ್ಷವರ್ಷವೂ ಸೆಣಸುತ್ತ ಬೆಳೆಯುತ್ತಾಳೆ. ಆದರೆ ದುರ್ಬಲರೂ ಅಳುಬುರುಕರೂ ಆದ ಹುಡುಗಿಯರನ್ನು ಅಲ್ಲಿ ಎಲ್ಲರೂ ಸೇರಿ ಗೇಲಿ ಮಾಡುವುದನ್ನು ಲೇಖಕಿಯೂ ಮೆಚ್ಚಿಕೊಂಡಂತಿದೆ. ಶಾಲೆಯಲ್ಲಿ ಹಾಗೆ ನೊಂದ ಮಗು ನಿಮ್ಮ ಮನೆಯಲ್ಲಿದ್ದರೆ ಮಾತನಾಡಿ ಕೊಡಿ. ಸಿ. ಎಸ್. ಲೂಯಿಸ್ ಅವರ 'ನಾರ್ನಿಯಾ' ಮಾಲೆಯ (1950-56) ಏಳು ಪುಸ್ತಕಗಳನ್ನು ಕ್ರೈಸ್ತ ಮನೆಗಳಲ್ಲಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಸಿಂಹರೂಪಿ ಅಸ್ಲಾನನನ್ನು ಎಲ್ಲರಿಗಿಂತ ಮೊದಲು ಗುರುತಿಸುವ ಲೂಸಿ ನಂಬಿಕೆಯ ಸುಂದರ ಚಿತ್ರ. ಆದರೆ ಕೊನೆಯ ಪುಸ್ತಕದಲ್ಲಿ ಅಕ್ಕ ಸೂಸನ್‌ಳನ್ನು ಅಲಂಕಾರದ ಹುಚ್ಚು ಹತ್ತಿದವಳೆಂದು ಒಂದೆರಡು ಮಾತಿನಲ್ಲಿ ಹೊರಗೆ ನಿಲ್ಲಿಸಿರುವುದು ಹರೆಯಕ್ಕೆ ಕಾಲಿಡುವ ಹುಡುಗಿಯ ಮನಸ್ಸನ್ನು ಚುಚ್ಚುತ್ತದೆ. ದೇವರ ಮನೆಯ ಬಾಗಿಲು ಅಷ್ಟು ಬೇಗ ಮುಚ್ಚುವುದಿಲ್ಲವೆಂದು ನೀವು ಹೇಳಿಕೊಡಬೇಕು.

'ಧಾರ್ಮಿಕ ಪುಸ್ತಕ' ಎಂಬ ಹೆಸರೊಂದೇ ಸಾಲದು ಎಂಬುದಕ್ಕೂ ಉದಾಹರಣೆಯಿದೆ. 1867ರಲ್ಲಿ ಮಾರ್ಥಾ ಫಿನ್ಲಿ ಆರಂಭಿಸಿದ 'ಎಲ್ಸಿ ಡಿನ್ಸ್‌ಮೋರ್' ಮಾಲೆ 28 ಪುಸ್ತಕಗಳಷ್ಟು ಬೆಳೆಯಿತು. ಪ್ರಭುವಿನ ದಿನದಂದು ಲೌಕಿಕ ಸಂಗೀತ ನುಡಿಸಲೊಲ್ಲದೆ ಪಿಯಾನೋದ ಮುಂದೆ ಕುಳಿತೇ ಇದ್ದು, ತಲೆತಿರುಗಿ ಬೀಳುವ ಎಲ್ಸಿ ಪುಟಪುಟಕ್ಕೂ ಕಣ್ಣೀರು ಸುರಿಸುತ್ತಾಳೆ, ಪ್ರಾರ್ಥಿಸುತ್ತಾಳೆ, ಎಂದೂ ತಪ್ಪು ಮಾಡುವುದಿಲ್ಲ. ಲಾರಾಳ ಅಕ್ಕ ಮೇರಿ ತನ್ನ ಯಾವ ಜಂಬವನ್ನು ಒಪ್ಪಿಕೊಂಡಳೋ ಅದನ್ನೇ ಇಲ್ಲಿ ಪುಣ್ಯವೆಂದು ತೋರಿಸಿದ್ದಾರೆ. ಇದಕ್ಕಿಂತ ಯೊಹಾನ್ನಾ ಸ್ಪೀರಿಯವರ ಎರಡೇ ಭಾಗಗಳ 'ಹೈಡಿ' (1880-81) ಸಾವಿರ ಪಾಲು ಮೇಲು. ಅಕ್ಷರ ಕಲಿತ ಪುಟ್ಟ ಹುಡುಗಿ ದುಂದುಗಾರ ಮಗನ ಸಾಮತಿಯನ್ನು ಓದಿ ಹೇಳಿದ್ದರಿಂದ, ಊರನ್ನೇ ತೊರೆದಿದ್ದ ಮುದುಕ ತಾತ ಬೆಟ್ಟವಿಳಿದು ದೇವಾಲಯಕ್ಕೆ ಮರಳುತ್ತಾನೆ.

ನಮ್ಮ ಕನ್ನಡದಲ್ಲಿ ಕಥೆಗಳ ಮಾಲೆಗೆ ಬಡತನವಿಲ್ಲ. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟಗಳು ತಿಂಗಳಿಗೊಂದರಂತೆ ಒಂದು ವರ್ಷ ಮನೆಯನ್ನು ಬೆಳಗಬಲ್ಲವು. ಆದರೆ ಒಬ್ಬಳೇ ಹುಡುಗಿ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುವ ಕಾದಂಬರಿಮಾಲೆ ನಮ್ಮಲ್ಲಿ ಇನ್ನಷ್ಟು ಬರಬೇಕು. ಜಲಾಶಯಕ್ಕಾಗಿ ಊರು ಬಿಟ್ಟ ಹುಡುಗಿಯೊಬ್ಬಳ ಕಥೆಯನ್ನು ಎಂಟು ಪುಸ್ತಕಗಳಲ್ಲಿ ಬರೆಯುವವರು ನಮ್ಮ ಧರ್ಮಕೇಂದ್ರಗಳಿಂದಲೇ ಏಕೆ ಬರಬಾರದು?

ಆರಿಸುವವರಿಗೆ ನಾಲ್ಕು ಮಾತು

ಪ್ರಥಮ ಪರಮಪ್ರಸಾದಕ್ಕೋ ಹುಟ್ಟುಹಬ್ಬಕ್ಕೋ ಇಡೀ ಪೆಟ್ಟಿಗೆಯನ್ನು ಒಮ್ಮೆಗೇ ಕೊಳ್ಳಬೇಡಿ. ಮೊದಲನೆಯದನ್ನು ಕೊಡಿ, ಅವಳಾಗಿಯೇ ಎರಡನೆಯದನ್ನು ಕೇಳಲಿ. ಕೊಡುವ ಮೊದಲು ನೀವು ಮಾಲೆಯ ಆರಂಭದ ಒಂದು ಪುಸ್ತಕವನ್ನೂ ನಡುವಿನ ಒಂದು ಪುಸ್ತಕವನ್ನೂ ಓದಿ. ಮೊದಲನೆಯದು ಚೆನ್ನಾಗಿದ್ದು ಮುಂದಿನವು ಹದಗೆಡುವುದುಂಟು. ಓದುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಹುಡುಗಿ ತನ್ನ ತಪ್ಪನ್ನು ತಾನು ಕಾಣುತ್ತಾಳೆಯೇ? ಈ ಪುಸ್ತಕದಲ್ಲಿ ಬಡವರು, ಕೆಲಸದವರು, ಬೇರೆ ಬಣ್ಣದವರು, ಬೇರೆ ಮತದವರು ಮನುಷ್ಯರಾಗಿ ಕಾಣುತ್ತಾರೆಯೇ? ಎರಡಕ್ಕೂ 'ಹೌದು' ಎಂಬ ಉತ್ತರ ಸಿಗುವ ಪುಸ್ತಕ ಅಪರೂಪ. ಒಂದಕ್ಕೆ 'ಇಲ್ಲ' ಎಂದಾದರೆ ಪುಸ್ತಕವನ್ನು ಬಚ್ಚಿಡುವ ಬದಲು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಕೊನೆಯ ಮಾತು, ಮನೆಯಲ್ಲಿ ಗಂಡುಮಕ್ಕಳಿದ್ದರೆ ಅವರೂ ಕೇಳಲಿ. ಅಕ್ಕತಂಗಿಯರ ಮನಸ್ಸನ್ನು ತಿಳಿಯುವುದಕ್ಕೆ ಅವರಿಗೂ ಬೇರೆ ಶಾಲೆಯಿಲ್ಲ.

ನಮ್ಮ ಹಳೆಯ ಚರ್ಚುಗಳಲ್ಲಿ ಸಂತ ಅನ್ನಮ್ಮನವರ ಚಿತ್ರವನ್ನು ನೀವು ನೋಡಿರಬಹುದು. ಬಾಲೆ ಮರಿಯಳಿಗೆ ಅವರು ಓದು ಕಲಿಸುತ್ತಿದ್ದಾರೆ. ತೆರೆದ ಗ್ರಂಥ ಒಂದೇ. ಅದರ ಮೇಲೆ ತಾಯಿಯ ಬೆರಳೂ ಇದೆ, ಮಗಳ ಕಣ್ಣೂ ಇದೆ. ಪುಸ್ತಕವನ್ನು ಕೈಗಿತ್ತು ಅಡುಗೆಮನೆಗೆ ಹೊರಟುಹೋದ ಅನ್ನಮ್ಮನವರನ್ನು ಯಾವ ಚಿತ್ರಕಾರನೂ ಬಿಡಿಸಿದಂತಿಲ್ಲ.

ಆ ಹುಡುಗಿ ಕಳೆದ ಭಾನುವಾರ 'ದೀರ್ಘ ಚಳಿಗಾಲ'ವನ್ನು ತೆಗೆದುಕೊಂಡು ಹೋದಳು. ಹೆಸರು ಬರೆಯುವ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ 'ಮತ್ತು ಅಜ್ಜಿ' ಎಂದು ಸೇರಿಸಿದ್ದಾಳೆ.